ಸಹಜದ ಅಳತೆ: ಆರೋಗ್ಯವಂತ ಮಹಿಳೆಯ ಮೂತ್ರದ ಹರಿವು

(ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಮಹಿಳೆಯರ ಆರೋಗ್ಯದ ಬಗ್ಗೆ ಯಾವ ವಿಷಯವಾದರೂ ಸರಿ ಎಂದು ಸಂಘಟಕರು ನನಗೆ ಬಿಟ್ಟುಕೊಟ್ಟಿದ್ದರು. ನಾನು ವಿಷಯ ತಿಳಿಸಿದ ಮೇಲೆ, ಆಹ್ವಾನಪತ್ರಿಕೆಯಲ್ಲಿ ‘ಮೂತ್ರ’ ಎಂಬ ಪದ ಇರಲೇಬೇಕೇ ಎಂದು ಸಂಕೋಚದಿಂದ ಕೇಳಿದರು. ಇರಲಿ ಎಂದು ಕೇಳಿಕೊಂಡೆ. ಆ ಪದವನ್ನು ಬಾಯಿಬಿಟ್ಟು ಹೇಳಲಾರದೆ ವರ್ಷಗಟ್ಟಲೆ ಸಂಕಟಪಟ್ಟ ಹೆಣ್ಣುಮಕ್ಕಳನ್ನು ನಾನು ಮೂವತ್ತು ವರ್ಷಗಳಿಂದ ನೋಡುತ್ತಿದ್ದೇನೆ. “ಒಂದಕ್ಕೆ ಹೋಗೋದು ಸರಿಯಾಗ್ತಿಲ್ಲ” ಎಂಬಷ್ಟನ್ನು ಹೇಳುವುದಕ್ಕೂ ಅವರು ಗಂಡನನ್ನೋ ಮಗನನ್ನೋ ಆಚೆ ಕಳಿಸಬೇಕಾಗುತ್ತದೆ.

ಹಾಗೆ ಹೇಳಿದವರಿಗೆ ನಾವು ವೈದ್ಯರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದಿದೆ. ‘ಸರಿಯಾಗಿ ಹೋಗುವುದು’ ಎಂದರೆ ಹೇಗೆ ಹೋಗುವುದು? ಯಾವ ತೊಂದರೆಯೂ ಇಲ್ಲದ ಹೆಂಗಸಿನ ಮೂತ್ರ ಎಷ್ಟು ರಭಸದಲ್ಲಿ ಹರಿಯುತ್ತದೆ? ಸಹಜ ಎಷ್ಟೆಂದು ಗೊತ್ತಿಲ್ಲದೆ ಅಸಹಜ ಇದೆಂದು ಬೆರಳು ಮಾಡುವುದು ಹೇಗೆ? ಇವತ್ತು ನಾನು ಮಾತಾಡುವುದು ಆ ಅಳತೆಯ ಬಗ್ಗೆ.

ಒಂದು ಕಾಗದ, ಒಂದು ತಪ್ಪು

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳು. ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದಿದ್ದರು. ಗದ್ದೆ ಕೆಲಸ, ಎರಡು ಹೆರಿಗೆ, ಬೇರೆ ಕಾಯಿಲೆ ಇಲ್ಲ. ಒಂದೆರಡು ಸಲ ಉರಿಮೂತ್ರವಾಗಿತ್ತೆಂದು ಯಾರೋ ನಮ್ಮಲ್ಲಿಗೆ ಕಳಿಸಿದ್ದರು. ಹರಿವಿನ ಪರೀಕ್ಷೆ ಮಾಡಿಸಿದೆ. ಯಂತ್ರದಿಂದ ಬಂದ ಕಾಗದದಲ್ಲಿ ಗೆರೆ ಒಂದಿಷ್ಟು ಏರಿ, ನಿಂತು, ಮತ್ತೆ ಏರಿ, ಮತ್ತೆ ನಿಂತು, ಮುರಿದ ಹಲ್ಲಿನ ಬಾಚಣಿಗೆಯ ಹಾಗಿತ್ತು. ಹೋದ ಮೂತ್ರ 90 ಮಿಲಿಲೀಟರ್. ಹರಿವು ಅತಿ ಹೆಚ್ಚೆಂದರೆ ಸೆಕೆಂಡಿಗೆ 9 ಮಿಲಿಲೀಟರ್. ‘ಮೂತ್ರಕ್ಕೆ ಅಡಚಣೆ ಇರಬಹುದು’ ಎಂದು ಬರೆದೆ. ಅವರ ಮುಖ ಬಾಡಿತು. ಎದ್ದು ಹೊರಡುವಾಗ ಮೆಲ್ಲಗೆ ಹೇಳಿದರು:

“ಡಾಕ್ಟ್ರಮ್ಮ, ಮನೇಲಿ ನಾನು ಹಿಂಗೆ ಕುರ್ಚಿ ಮ್ಯಾಲೆ ಕುಂತ್ಕೊಂಡು ಹೋಗಾಕಿಲ್ಲ. ಬಾಗ್ಲಾಚೆ ಬೇರೆ ಜನ ನಿಂತವ್ರೆ. ಬಂದದ್ದೂ ಒಳಕ್ಕೇ ಹೊಂಟೋಯ್ತು.”

ಆ ಕೋಣೆಯ ಬಾಗಿಲಿಗೆ ಚಿಲಕ ಇರಲಿಲ್ಲ, ಬರೀ ಪರದೆ ಇತ್ತು. ಆಚೆ ಸಾಲಿನಲ್ಲಿ ಹತ್ತು ಜನ ನಿಂತಿದ್ದರು. ಯಂತ್ರ ಸುಳ್ಳು ಹೇಳಿರಲಿಲ್ಲ. ಅವತ್ತು, ಆ ಪರದೆಯ ಹಿಂದೆ ಏನಾಯಿತೋ ಅದನ್ನೇ ಬರೆದಿತ್ತು. ಅದನ್ನು ಆ ಹೆಣ್ಣುಮಗಳ ಮೈಯ ಗುಣವೆಂದು ಓದಿದ್ದು ನನ್ನ ತಪ್ಪು. ಅವರ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ಬಿಡುವುದು ಮೊದಲು, ಒತ್ತುವುದು ಆಮೇಲೆ

ಮೂತ್ರಪಿಂಡಗಳಿಂದ ಹನಿಹನಿಯಾಗಿ ಇಳಿದ ಮೂತ್ರ ಮೂತ್ರಕೋಶದಲ್ಲಿ ತುಂಬುತ್ತದೆ. ವಯಸ್ಕರ ಮೂತ್ರಕೋಶ ಸುಮಾರು 300ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ತುಂಬುವಷ್ಟು ಹೊತ್ತೂ ಅದರ ಗೋಡೆ ಸಡಿಲವಾಗಿ ಹಿಗ್ಗುತ್ತಾ ಹೋಗುತ್ತದೆ, ಕೆಳಗಿನ ಬಿಗಿಸ್ನಾಯು ಬಾಯಿ ಮುಚ್ಚಿಕೊಂಡಿರುತ್ತದೆ. ಈಗ ಹೋಗಬಹುದು ಎಂದು ಮೆದುಳು ಒಪ್ಪಿಗೆ ಕೊಟ್ಟಾಗ ಎರಡು ಕೆಲಸ ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ಸೊಂಟದ ತಳದ ಸ್ನಾಯುಗಳೂ ಬಿಗಿಸ್ನಾಯುವೂ ಸಡಿಲವಾಗುತ್ತವೆ. ಅದರ ಬೆನ್ನಿಗೇ ಮೂತ್ರಕೋಶ ಹಿಂಡಿಕೊಳ್ಳುತ್ತದೆ. ಮನಸ್ಸಿಗೆ ನಾಚಿಕೆಯೋ ಭಯವೋ ಆದರೆ ತಳದ ಸ್ನಾಯು ಬಿಡುವುದಿಲ್ಲ. ಅದು ಬಿಡದಿದ್ದರೆ ಮೇಲಿನದು ಹಿಂಡುವುದಿಲ್ಲ. “ಬಂದದ್ದು ಒಳಕ್ಕೇ ಹೊಂಟೋಯ್ತು” ಎಂದು ಆ ತಾಯಿ ಹೇಳಿದ್ದು ನಮ್ಮ ಪಠ್ಯಪುಸ್ತಕದ ಮಾತೇ.

ಗಂಡಸಿನ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದ. ಪ್ರಾಸ್ಟೇಟ್ ಗ್ರಂಥಿಯ ನಡುವೆ ಹಾದು, ಬಾಗಿ ಬರುತ್ತದೆ. ಹೆಂಗಸಿನದು ಸುಮಾರು 4 ಸೆಂಟಿಮೀಟರ್, ನೇರ. ದಾರಿ ಚಿಕ್ಕದು, ತಡೆ ಕಡಿಮೆ. ಆದ್ದರಿಂದ ಕಡಿಮೆ ಒತ್ತಡದಲ್ಲೇ ಹೆಚ್ಚು ಹರಿವು. ಎಷ್ಟೋ ಹೆಂಗಸರಲ್ಲಿ ತಳ ಸಡಿಲಿಸಿದರೆ ಸಾಕು, ಮೂತ್ರಕೋಶ ಹೆಚ್ಚಾಗಿ ಹಿಂಡಬೇಕಾದ ಅಗತ್ಯವೇ ಬೀಳುವುದಿಲ್ಲ. ಗಂಡಸಿಗೆ ಮಾಡಿದ ಅಳತೆಗೋಲನ್ನು ಹೆಂಗಸಿಗೆ ಹಿಡಿದರೆ ಲೆಕ್ಕ ತಪ್ಪುವುದು ಇಲ್ಲಿಯೇ. ಗಂಡಸಿನಲ್ಲಿ ತಕ್ಕಮಟ್ಟಿಗೆ ಸರಿ ಎನ್ನಬಹುದಾದ ಹರಿವು ಹೆಂಗಸಿನಲ್ಲಿ ತೊಂದರೆಯ ಗುರುತಾಗಿರಬಹುದು.

ಯಂತ್ರ ಏನು ಮಾಡುತ್ತದೆ

ಈ ಪರೀಕ್ಷೆಗೆ ಯುರೋಫ್ಲೋಮೆಟ್ರಿ ಎನ್ನುತ್ತಾರೆ. ಸೂಜಿ ಇಲ್ಲ, ನಳಿಕೆ ಇಲ್ಲ, ನೋವಿಲ್ಲ. ನಡುವೆ ತೂತಿರುವ ಕುರ್ಚಿ, ಅದರಡಿ ಆಲಿಕೆ, ಆಲಿಕೆಯಡಿ ಒಂದು ಪ್ಲಾಸ್ಟಿಕ್ ಜಾಡಿ. ಜಾಡಿ ಕೂತಿರುವುದು ತಕ್ಕಡಿಯ ಮೇಲೆ. ಮೂತ್ರ ಬೀಳುತ್ತಿದ್ದಂತೆ ತೂಕ ಏರುತ್ತದೆ. ಒಂದು ಮಿಲಿಲೀಟರ್ ಮೂತ್ರ ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ. ಕ್ಷಣಕ್ಷಣಕ್ಕೂ ತೂಕ ಎಷ್ಟು ಏರಿತೆಂದು ಲೆಕ್ಕ ಹಾಕಿದರೆ ಹರಿವಿನ ವೇಗ ಸಿಗುತ್ತದೆ. ಇನ್ನೊಂದು ಬಗೆಯ ಯಂತ್ರದಲ್ಲಿ ಒಂದೇ ವೇಗದಲ್ಲಿ ತಿರುಗುವ ತಟ್ಟೆಯ ಮೇಲೆ ಮೂತ್ರ ಬೀಳುತ್ತದೆ. ಬಿದ್ದಷ್ಟೂ ತಟ್ಟೆ ನಿಧಾನವಾಗಲು ನೋಡುತ್ತದೆ. ವೇಗ ಇಳಿಯದಂತೆ ಮೋಟಾರಿಗೆ ಎಷ್ಟು ಹೆಚ್ಚು ವಿದ್ಯುತ್ತು ಬೇಕಾಯಿತು ಎಂಬುದೇ ಹರಿವಿನ ಅಳತೆ.

ಕಾಗದದ ಮೇಲೆ ಮೂಡುವ ಗೆರೆ, ಎಲ್ಲವೂ ಸರಿಯಿದ್ದರೆ, ಬೋರಲು ಹಾಕಿದ ಗಂಟೆಯಂತಿರುತ್ತದೆ. ಬೇಗ ಏರಿ, ತುದಿ ಮುಟ್ಟಿ, ನುಣುಪಾಗಿ ಇಳಿಯುತ್ತದೆ. ಆ ತುದಿಯೇ ಗರಿಷ್ಠ ಹರಿವು. ಒಟ್ಟು ಮೂತ್ರವನ್ನು ಹರಿದ ಹೊತ್ತಿನಿಂದ ಭಾಗಿಸಿದರೆ ಸರಾಸರಿ ಹರಿವು. 300 ಮಿಲಿಲೀಟರ್ 20 ಸೆಕೆಂಡಿನಲ್ಲಿ ಹೋದರೆ ಸರಾಸರಿ ಸೆಕೆಂಡಿಗೆ 15. ಮುಗಿದ ಮೇಲೆ ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ಒಳಗೆ ಎಷ್ಟು ಉಳಿಯಿತೆಂದು ನೋಡುತ್ತೇವೆ. ಈ ಮೂರು ಅಂಕಿಗಳನ್ನು ಯಾವಾಗಲೂ ಒಟ್ಟಿಗೇ ಓದಬೇಕು: ತುದಿಯ ವೇಗ, ಹೋದ ಪ್ರಮಾಣ, ಉಳಿದ ಪ್ರಮಾಣ.

ಆರೋಗ್ಯವಂತ ವಯಸ್ಕ ಮಹಿಳೆಯಲ್ಲಿ ಗರಿಷ್ಠ ಹರಿವು ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 30 ಮಿಲಿಲೀಟರ್. ಇದಕ್ಕೂ ಹೆಚ್ಚಿರುವವರು ಕಡಿಮೆಯೇನಿಲ್ಲ. 25ರ ವೇಗವೆಂದರೆ 200 ಮಿಲಿಲೀಟರಿನ ಲೋಟ ಎಂಟೇ ಸೆಕೆಂಡಿನಲ್ಲಿ ತುಂಬುವಷ್ಟು.

ಯಂತ್ರ ಅಚ್ಚು ಹಾಕಿದ್ದನ್ನೆಲ್ಲ ನಂಬುವಂತೆಯೂ ಇಲ್ಲ. ಕಾಲು ತಗುಲಿ ಜಾಡಿ ಅಲುಗಿದರೆ ಗೆರೆ ಸೂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. ಯಂತ್ರ ಅದನ್ನೇ ‘ಗರಿಷ್ಠ’ ಎಂದು ಬರೆದುಬಿಡುತ್ತದೆ. ಈ ಕ್ಷೇತ್ರದ ಜಾಗತಿಕ ಸಂಸ್ಥೆ ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿ 2002ರಲ್ಲಿ ಪ್ರಕಟಿಸಿದ ಕೈಪಿಡಿ ಇಂಥ ಕ್ಷಣಿಕ ಏರಿಳಿತಗಳನ್ನು ಸವರಿ ಓದಬೇಕೆನ್ನುತ್ತದೆ. ದಶಾಂಶಗಳನ್ನು ಬಿಟ್ಟು ಪೂರ್ಣಾಂಕದಲ್ಲಿ ಬರೆಯಬೇಕೆನ್ನುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಇನ್ನೊಂದು ಸೂಚನೆ: ಪರೀಕ್ಷೆ ಮುಗಿದ ಮೇಲೆ, “ದಿನಾ ಹೋಗುವ ಹಾಗೇ ಹೋಯಿತೇ?” ಎಂದು ಆಕೆಯನ್ನೇ ಕೇಳಬೇಕು. ನಾನು ಅವತ್ತು ಕೇಳದೆ ಬಿಟ್ಟ ಪ್ರಶ್ನೆ ಅದು.

ಕಾಯಿಲೆ ಇಲ್ಲದವರನ್ನು ಹುಡುಕಿಕೊಂಡು

ಮೂತ್ರದ ಹರಿವನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ಅಮೆರಿಕದ ವಿಲ್ಲರ್ಡ್ ಡ್ರೇಕ್ 1948ರಲ್ಲಿ ವರದಿ ಮಾಡಿದರು. 1956ರಲ್ಲಿ ಸ್ವೀಡನ್ನಿನ ಫಾನ್ ಗ್ಯಾರೆಲ್ಟ್ಸ್ ಅದಕ್ಕೆ ಎಲೆಕ್ಟ್ರಾನಿಕ್ ರೂಪ ಕೊಟ್ಟರು. ಯಂತ್ರ ಬಂದ ಮೇಲೆ ಹೆಚ್ಚಾಗಿ ಅಳೆದದ್ದು ಪ್ರಾಸ್ಟೇಟ್ ತೊಂದರೆಯ ಗಂಡಸರನ್ನು. ಆಸ್ಪತ್ರೆಗೆ ಬರುವವರು ಅವರು, ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ಹೋಲಿಸಿ ನೋಡಬೇಕಾದದ್ದೂ ಅವರಲ್ಲಿ.

ಆರೋಗ್ಯವಂತ ಹೆಂಗಸು ಆಸ್ಪತ್ರೆಗೆ ಬರುವುದಿಲ್ಲ. ನಾವೇ ಹೋಗಿ, ನಿಮಗೆ ಏನೂ ತೊಂದರೆ ಇಲ್ಲವೆಂದೇ ನಿಮ್ಮನ್ನು ಅಳೆಯಬೇಕಾಗಿದೆ ಎಂದು ಕೇಳಿಕೊಳ್ಳಬೇಕು. ಈ ಕೇಳಿಕೊಳ್ಳುವ ಕೆಲಸವನ್ನು ಮಾಡಿದವರು ಕೆಲವೇ ಮಂದಿ. ಸ್ವೀಡನ್ನಿನಲ್ಲಿ ಬ್ಯಾಕ್‌ಮನ್ 1965ರಲ್ಲಿ ಸಹಜ ಮಹಿಳೆಯರ ಹರಿವಿನ ಬಗ್ಗೆ ಬರೆದರು. 1979ರಲ್ಲಿ ಅಮೆರಿಕದ ಡ್ರಾಚ್ ಹೆಂಗಸರ ಹರಿವನ್ನು ಗಂಡಸರದರ ಜೊತೆ ಹೋಲಿಸಿದರು. ಈಗಲೂ ಲೋಕದ ಬಹುತೇಕ ಕಡೆ ಆಧಾರವಾಗಿರುವ ಕೆಲಸ ಹತ್ತು ವರ್ಷದ ಮೇಲೆ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನಡೆಯಿತು. ಹೇಲನ್ ಮತ್ತು ಅವರ ಸಂಗಡಿಗರು 1989ರಲ್ಲಿ 331 ಗಂಡಸರ, 249 ಹೆಂಗಸರ ಹರಿವಿನ ಅಳತೆ ಪ್ರಕಟಿಸಿದರು. ಎಲ್ಲರೂ ತಾವಾಗಿ ಮುಂದೆ ಬಂದ ಆರೋಗ್ಯವಂತರು. ಹೆಂಗಸರ ವಯಸ್ಸು 16ರಿಂದ 63. ಅವರಲ್ಲಿ 46 ಮಂದಿ ಒಂದಕ್ಕಿಂತ ಹೆಚ್ಚು ಸಲ ಅಳೆಸಿಕೊಂಡರು. ಪ್ರತಿಯೊಬ್ಬರೂ ಮೂತ್ರ ಮಾಡಿದ್ದು ಸಂಪೂರ್ಣ ಖಾಸಗಿ ಜಾಗದಲ್ಲಿ. ಅಳತೆ ಸರಿಯಿದೆಯೆಂದು ಪರೀಕ್ಷಿಸಿದ ಯಂತ್ರ ಬಳಸಿದೆವೆಂದು ಹೇಳುವ ಸಾಲಿನಲ್ಲೇ ಅವರು ಈ ಖಾಸಗಿ ಜಾಗದ ಮಾತನ್ನೂ ಹೇಳುತ್ತಾರೆ. ಎರಡೂ ಉಪಕರಣಗಳೇ ಎಂಬಂತೆ.

ಅಂಗನವಾಡಿಯ ಗೆರೆಗಳು

ಲಿವರ್‌ಪೂಲ್‌ನವರು ಒಂದೇ ಒಂದು ಅಂಕಿ ಕೊಟ್ಟು, ಇದಕ್ಕಿಂತ ಮೇಲಿದ್ದರೆ ಸಹಜ, ಕೆಳಗಿದ್ದರೆ ಅಲ್ಲ ಎಂದು ಹೇಳಲಿಲ್ಲ. ಯಾಕೆಂದರೆ ಹರಿವು ಒಳಗೆ ಎಷ್ಟು ತುಂಬಿತ್ತು ಎಂಬುದನ್ನು ನೆಚ್ಚಿಕೊಂಡಿದೆ. ಒಬ್ಬಳೇ ಹೆಂಗಸು ಬೆಳಗ್ಗೆ 400 ಮಿಲಿಲೀಟರ್ ಹೋಗುವಾಗಿನ ವೇಗ ಬೇರೆ, ಮಧ್ಯಾಹ್ನ 100 ಹೋಗುವಾಗಿನ ವೇಗ ಬೇರೆ. ಮೂತ್ರಕೋಶದ ಸ್ನಾಯು ಹದವಾಗಿ ಹಿಗ್ಗಿದಾಗ ಚೆನ್ನಾಗಿ ಹಿಂಡುತ್ತದೆ. ತುಂಬದೇ ಇದ್ದರೆ ಹಿಂಡಲು ಎಳೆತ ಸಾಲದು. ಮಿತಿ ಮೀರಿ ತುಂಬಿ ಬಿಗಿದುಕೊಂಡರೆ ಎಳೆದೆಳೆದು ಸೋತ ರಬ್ಬರಿನಂತೆ ಅದರ ಬಲವೂ ಕುಗ್ಗುತ್ತದೆ. ಆದ್ದರಿಂದ 150 ಮಿಲಿಲೀಟರಿಗಿಂತ ಕಡಿಮೆ ಹೋದಾಗ ಬಂದ ಗೆರೆಯ ಮೇಲೆ ತೀರ್ಮಾನ ಹೇಳಬಾರದು. ಬಿಗಿ ಹಿಡಿದು ಹಿಡಿದು ಬಂದು ಕೂತವರ ಗೆರೆಯ ಮೇಲೂ ಹೇಳಬಾರದು.

ನಮ್ಮ ಅಂಗನವಾಡಿ ಕಾರ್ಯಕರ್ತೆಯರಿಗೆ ಇದು ಹೊಸ ಮಾತಲ್ಲ. ಮಗು ಎಂಟು ಕೆಜಿ ಇದೆ ಎಂದರೆ ಅವರು ಒಡನೆ ಕೇಳುತ್ತಾರೆ: ಎಷ್ಟು ತಿಂಗಳಿನ ಮಗು? ಬೆಳವಣಿಗೆಯ ಪಟ್ಟಿಯಲ್ಲಿ ವಯಸ್ಸಿನ ನೇರಕ್ಕೆ ಹೋಗಿ, ತೂಕದ ಎತ್ತರಕ್ಕೆ ಚುಕ್ಕೆ ಇಟ್ಟು, ಅದು ಯಾವ ಗೆರೆಗಳ ನಡುವೆ ಬಿತ್ತೆಂದು ನೋಡುತ್ತಾರೆ. ಲಿವರ್‌ಪೂಲ್‌ನವರು ಮಾಡಿದ್ದು ಅಂಥದೇ ಪಟ್ಟಿ. ಅಡ್ಡಕ್ಕೆ ಹೋದ ಮೂತ್ರದ ಪ್ರಮಾಣ, ಉದ್ದಕ್ಕೆ ವೇಗ, ನಡುವೆ ಬಾಗಿ ಏರುವ ಗೆರೆಗಳು. ಆರೋಗ್ಯವಂತರಲ್ಲಿ ನೂರಕ್ಕೆ ಹತ್ತು ಮಂದಿ ಮಾತ್ರ ಇದರ ಕೆಳಗೆ ಬರುತ್ತಾರೆ ಎಂಬ ಗೆರೆ, ಅರ್ಧದಷ್ಟು ಮಂದಿ ಇದರ ಕೆಳಗೆ ಬರುತ್ತಾರೆ ಎಂಬ ಗೆರೆ, ಹೀಗೆ. ಹತ್ತರ ಗೆರೆಗಿಂತ ಕೆಳಗೆ ಬಿದ್ದ ಚುಕ್ಕೆ ‘ಕಾಯಿಲೆ’ ಎಂದು ಸಾರುವುದಿಲ್ಲ, ‘ಇನ್ನೊಮ್ಮೆ ನೋಡು’ ಎನ್ನುತ್ತದೆ. ಗೆರೆ ಎಳೆದದ್ದೇ ಆರೋಗ್ಯವಂತರ ಅಳತೆಯಿಂದ, ಅವರಲ್ಲೂ ನೂರಕ್ಕೆ ಹತ್ತು ಮಂದಿ ಅದರ ಕೆಳಗೇ ಇದ್ದರು ಎಂಬುದನ್ನು ಮರೆಯಬಾರದು.

ವಯಸ್ಸಾದಂತೆ ಗಂಡಸರ ಹರಿವು ಇಳಿಯುವುದು ಲಿವರ್‌ಪೂಲ್‌ನ ಲೆಕ್ಕದಲ್ಲಿ ಸ್ಪಷ್ಟವಾಗಿ ಕಂಡಿತು. ಹೆಂಗಸರಲ್ಲಿ ವಯಸ್ಸಿನಿಂದಾಗಲಿ ಹೆರಿಗೆಯ ಸಂಖ್ಯೆಯಿಂದಾಗಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ಒಂದು ಪಾಠವಿದೆ. “ವಯಸ್ಸಾಯ್ತಲ್ಲ”, “ಮೂರು ಹೆತ್ತಿದ್ದೀಯಲ್ಲ” ಎಂದು ಹೆಂಗಸಿನ ತೊಂದರೆಯನ್ನು ತಳ್ಳಿಹಾಕುವ ರೂಢಿ ನಮ್ಮಲ್ಲಿ ಮನೆಯಲ್ಲೂ ಇದೆ, ಆಸ್ಪತ್ರೆಯಲ್ಲೂ ಇದೆ. ಆರೋಗ್ಯವಾಗಿರುವ ಹೆತ್ತ ತಾಯಂದಿರು ಚೆನ್ನಾಗಿಯೇ ಮೂತ್ರ ಮಾಡುತ್ತಾರೆ. ಆಗುತ್ತಿಲ್ಲವೆಂದರೆ ಕಾರಣ ಹುಡುಕುವುದು ನಮ್ಮ ಕೆಲಸ.

ಆದರೆ ಲಿವರ್‌ಪೂಲ್‌ನ ಗೆರೆಗಳನ್ನು ಮಂಡ್ಯದ ಹೆಂಗಸಿಗೆ ಹಾಗೆಯೇ ಹಿಡಿಯಬಹುದೇ? ಈ ಪ್ರಶ್ನೆಗೆ ನಮ್ಮ ದೇಶದಲ್ಲೂ ಕೆಲಸ ನಡೆದಿದೆ. 2009ರಲ್ಲಿ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು ಆರೋಗ್ಯವಂತ ಮಹಿಳೆಯರ ಅಳತೆಯಿಂದ ಹೊಸ ಪಟ್ಟಿ ತಯಾರಿಸಿದರು. ಪ್ರಮಾಣಕ್ಕೆ ತಕ್ಕ ಹರಿವಿನ ಪಟ್ಟಿಯ ಜೊತೆಗೆ ವಯಸ್ಸಿಗೆ ತಕ್ಕ ಪಟ್ಟಿಯನ್ನೂ ಕೊಟ್ಟರು. ಅದೇ ವರ್ಷ ಮುಂಬೈನಿಂದಲೂ ಭಾರತೀಯ ಗಂಡಸರ, ಹೆಂಗಸರ ಹರಿವಿನ ಪಟ್ಟಿ ಪ್ರಕಟವಾಯಿತು. ಒಂದು ನಾಡಿನ ಸಹಜವನ್ನು ಇನ್ನೊಂದು ನಾಡಿಗೆ ಕಣ್ಣುಮುಚ್ಚಿ ಹಚ್ಚಬಾರದೆಂಬ ವಿವೇಕ ಇದು. ಕರ್ನಾಟಕದ ಹೊಲ, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ ಹೆಂಗಸರನ್ನೂ ಹೀಗೆ ಅಳೆದು ಬರೆದಿಡುವ ಕೆಲಸಕ್ಕೆ ನಮ್ಮ ವೈದ್ಯಕೀಯ ಕಾಲೇಜುಗಳ ಎಳೆಯ ಸಂಶೋಧಕರು ಕೈಹಾಕಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.

ಕೂರುವ ಭಂಗಿ

ಅಳತೆಯಲ್ಲಿ ನಾವು ಮರೆಯುವ ಸಂಗತಿ ಭಂಗಿ. 1991ರಲ್ಲಿ ಬ್ರಿಟನ್ನಿನಲ್ಲಿ ಮೂರ್ ಮತ್ತು ಸಂಗಡಿಗರು ಸ್ತ್ರೀರೋಗ ವಿಭಾಗಕ್ಕೆ ಬಂದ 528 ಮಹಿಳೆಯರನ್ನು ಒಂದು ಸರಳ ಪ್ರಶ್ನೆ ಕೇಳಿದರು: ಸಾರ್ವಜನಿಕ ಶೌಚಾಲಯದಲ್ಲಿ ನೀವು ಹೇಗೆ ಕೂರುತ್ತೀರಿ? ನೂರಕ್ಕೆ 85 ಮಂದಿ ಸೀಟಿಗೆ ಮೈ ತಾಗದಂತೆ, ಮಂಡಿ ಅರ್ಧ ಬಗ್ಗಿಸಿ, ಮೇಲೆಯೇ ತೂಗಿಕೊಂಡಿರುತ್ತೇವೆ ಎಂದರು. 80 ಮಂದಿಯನ್ನು ಕೂತಾಗಲೂ ಹೀಗೆ ತೂಗಿಕೊಂಡಾಗಲೂ ಅಳೆದು ನೋಡಿದರೆ, ತೂಗಿಕೊಂಡಾಗ ಸರಾಸರಿ ಹರಿವು ಶೇಕಡಾ 21 ಇಳಿದಿತ್ತು. ಒಳಗೆ ಉಳಿದ ಮೂತ್ರ ಶೇಕಡಾ 149 ಹೆಚ್ಚಿತ್ತು, ಅಂದರೆ ಎರಡೂವರೆ ಪಟ್ಟಾಗಿತ್ತು. ತೊಡೆ, ಸೊಂಟದ ಸ್ನಾಯುಗಳು ಮೈಭಾರ ಹೊತ್ತು ಬಿಗಿದಿರುವಾಗ ತಳದ ಸ್ನಾಯು ಪೂರ್ತಿ ಸಡಿಲವಾಗುವುದಿಲ್ಲ.

ಇದನ್ನು ನಮ್ಮ ಕುಕ್ಕರಗಾಲಿನ ಜೊತೆ ಸೇರಿಸಿಬಿಡಬಾರದು. ಪೂರ್ತಿ ಕುಕ್ಕರಗಾಲಲ್ಲಿ ಕೂತವಳ ಅಂಗಾಲು ನೆಲದ ಮೇಲೆ ಊರಿರುತ್ತದೆ, ಮೈ ನೆಮ್ಮದಿಯಾಗಿರುತ್ತದೆ. ಅದು ಅವಳಿಗೆ ಚಿಕ್ಕಂದಿನಿಂದ ಬಂದ ಭಂಗಿ. ಹೊಲಸು ಕಮೋಡಿನ ಮೇಲೆ ಅರ್ಧ ಬಗ್ಗಿ ನಿಂತವಳದು ಭಂಗಿಯೇ ಅಲ್ಲ, ಹೇಗಾದರೂ ಪಾರಾಗುವ ಪಾಡು. ನಮ್ಮ ಎಷ್ಟೋ ಬಸ್ ನಿಲ್ದಾಣಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ಹೆಣ್ಣುಮಕ್ಕಳದು ಇದೇ ಪಾಡು. ಹೆಚ್ಚಿನವರು ಅದಕ್ಕಿಂತ ಮೊದಲೇ ಸೋತಿರುತ್ತಾರೆ. ಬಸ್ಸು ಹತ್ತಬೇಕೆಂದು ಬೆಳಗ್ಗೆ ನೀರೇ ಕುಡಿಯುವುದಿಲ್ಲ. ಶಾಲೆಯಲ್ಲಿ ಹುಡುಗಿಯರು ಸಂಜೆ ಮನೆ ಸೇರುವ ತನಕ ತಡೆದುಕೊಳ್ಳುತ್ತಾರೆ. ಕಾರ್ಖಾನೆಯ ಸಾಲಿನಲ್ಲಿ ಕೂತವರು ಮೇಲಿನವರ ಅಪ್ಪಣೆಗೆ ಕಾಯುತ್ತಾರೆ. ಇಂಥ ದಿನಚರಿಯಿಂದ ಬಂದವರನ್ನು ಅಳೆದು ಇದೇ ಸಹಜ ಎಂದು ಬರೆದರೆ, ನಾವು ಬರೆದದ್ದು ಅವರ ಮೈಯ ಸಹಜವನ್ನಲ್ಲ, ಅವರಿಗೆ ನಾವು ಕೊಟ್ಟ ಬದುಕಿನ ಅಳತೆಯನ್ನು.

ಅಳತೆಯ ಮಿತಿ

ಹರಿವು ಚೆನ್ನಾಗಿದ್ದ ಮಾತ್ರಕ್ಕೆ ಎಲ್ಲವೂ ಚೆನ್ನಾಗಿದೆ ಎಂದಲ್ಲ. ಹೊಟ್ಟೆ ಬಿಗಿದು ಮುಕ್ಕಿ ಹೋದರೂ ಅಂಕಿ ಸಹಜವಾಗಿಯೇ ಬರಬಹುದು. ಹರಿವು ಕಡಿಮೆ ಎಂದಾಗಲೂ, ದಾರಿ ಕಿರಿದಾಗಿದೆಯೋ ಮೂತ್ರಕೋಶದ ಬಲ ಕುಂದಿದೆಯೋ ಗೆರೆ ಒಂದರಿಂದಲೇ ತಿಳಿಯದು. ಅದಕ್ಕೆ ಒತ್ತಡವನ್ನೂ ಅಳೆಯುವ ಬೇರೆ ಪರೀಕ್ಷೆ ಬೇಕು. ಶುರುವಾಗಲು ತಡ, ಮುಕ್ಕಬೇಕಾಗುವುದು, ಹೋಗಿ ಬಂದರೂ ಇನ್ನೂ ಇದೆ ಅನ್ನಿಸುವುದು, ಪದೇ ಪದೇ ಉರಿಮೂತ್ರ, ಮೂತ್ರದಲ್ಲಿ ರಕ್ತ: ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರನ್ನು ಕಾಣಿ. ಈ ಮಾತನ್ನು ಮನೆಯಲ್ಲಿರುವ ಅಮ್ಮ, ಅತ್ತೆ, ಅಜ್ಜಿಗೂ ತಲುಪಿಸಿ. ಅವರು ತಾವಾಗಿ ಹೇಳುವುದಿಲ್ಲ.

ಕ್ಯಾಲೆಂಡರಿನ ಹಿಂಬದಿ

ಆ ಹೆಣ್ಣುಮಗಳ ಮಾತಿಗೆ ಬರುತ್ತೇನೆ. ಅವರನ್ನು ಮತ್ತೆ ಬರಹೇಳಿದೆ. ಅಷ್ಟರಲ್ಲಿ ಒಂದು ಕೆಲಸ ಕೊಟ್ಟೆ: ಮೂರು ದಿನ ಮನೆಯಲ್ಲಿ ಗುರುತಿನ ಗೆರೆಗಳಿರುವ ಮಗ್ಗಿನಲ್ಲಿ ಅಳೆದು, ಯಾವ ಹೊತ್ತಿಗೆ ಎಷ್ಟು ಹೋಯಿತೆಂದು ಬರೆದಿಡಿ ಎಂದೆ. ಇತ್ತ ಬಡಗಿಯಿಂದ ಎರಡು ಅಂಗಾಲು ಊರುವ ಅಗಲದ, ನಡುವೆ ಕಿಂಡಿ ಬಿಟ್ಟ ಮರದ ಪೀಠ ಮಾಡಿಸಿ ಅದರಡಿ ಯಂತ್ರ ಕೂರಿಸಿದೆವು. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬಂತು. ಸಾಲನ್ನು ಕಾರಿಡಾರಿನ ಆಚೆ ತುದಿಗೆ ಸರಿಸಿದೆವು.

ಅವರು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ನಾಲ್ಕು ಮಡಿಕೆ ಮಾಡಿ ತಂದಿದ್ದರು. ಹಿಂಬದಿಯ ಬಿಳಿಯಲ್ಲಿ ಪೆನ್ಸಿಲಿನಿಂದ, ಕೋಳಿ ಕೂಗುವ ಹೊತ್ತು, ಬುತ್ತಿ ಹೊತ್ತು, ದನ ಕಟ್ಟುವ ಹೊತ್ತು ಎಂದು ಬರೆದು, ಪಕ್ಕದಲ್ಲಿ 300, 250, 350 ಎಂದು ಗುಂಡಗೆ ಅಂಕಿ ಇಟ್ಟಿದ್ದರು. ನಮ್ಮಲ್ಲಿ ಹೋದ 90 ಮಿಲಿಲೀಟರ್ ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ನೀರು ಕುಡಿದು, ತಮಗೆ ಹೋಗಬೇಕೆನಿಸುವವರೆಗೆ ಕಾದು, ಒಳಗೆ ಹೋಗಿ ಚಿಲಕ ಹಾಕಿಕೊಂಡರು. 310 ಮಿಲಿಲೀಟರ್. ಗರಿಷ್ಠ ಹರಿವು ಸೆಕೆಂಡಿಗೆ 24. ಗಂಟೆಯ ಹಾಗೆ ಒಂದೇ ನುಣುಪು ಗೆರೆ. ಸ್ಕ್ಯಾನಿನಲ್ಲಿ ಉಳಿದದ್ದು ಏನೂ ಇಲ್ಲವೆಂಬಷ್ಟು.

“ದಿನಾ ಹೋಗೋ ಹಾಗೇ ಹೋಯ್ತಾ?” ಎಂದು ಕೇಳಿದೆ.

“ಈಗ ಹೋಯ್ತು ನೋಡಿ,” ಎಂದರು.

ಹಳೆಯ ವರದಿಯ ಮೇಲೆ ಅಡ್ಡಗೆರೆ ಎಳೆದು ಹೊಸದು ಬರೆದುಕೊಟ್ಟೆ. ಕ್ಯಾಲೆಂಡರಿನ ಹಾಳೆಯನ್ನು ಅವರಿಂದ ಕೇಳಿ ಇಸಿದುಕೊಂಡೆ. ಆ ಎರಡು ಗೆರೆಗಳನ್ನೂ ಆ ಹಾಳೆಯನ್ನೂ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮುಂದೆ ಹರಡುತ್ತೇನೆ. ಎರಡು ಗೆರೆಗಳ ನಡುವೆ ಆ ತಾಯಿಯ ಮೈಯಲ್ಲಿ ಏನೂ ಬದಲಾಗಿರಲಿಲ್ಲ; ಬದಲಾದದ್ದು ನಮ್ಮ ಕೋಣೆ ಎಂದು ಹೇಳುತ್ತೇನೆ. ತಮ್ಮ ತಾಯಿಯ ಹೆಸರಿನಲ್ಲಿ ಈ ದತ್ತಿ ಇಟ್ಟವರ ಮುಂದೆ, ಇನ್ನೊಬ್ಬ ತಾಯಿ ಕಲಿಸಿದ ಈ ಪಾಠವನ್ನು ಒಪ್ಪಿಸಲು ಅವಕಾಶ ಸಿಕ್ಕಿತು.